ಪತ್ರೊಡೆಯೂ ಭಾಗವತರ ಕಂಠವೂ

ಈ ಬರಹದಲ್ಲಿ ಲೋಪದೋಷಗಳು ಕಂಡರೆ ಓದುಗರು ದಯವಿಟ್ಟು ಮನ್ನಿಸಬೇಕು. ನಮ್ಮ ವಂಶದಲ್ಲಿ ಪದವಿ ಪಡೆದವರಲ್ಲಿ ನಾನೇ ಮೊದಲಿಗಳು. ಆದ್ದರಿಂದ ಏನು ಬರೆಯಲು ಕುಳಿತರೂ ಯಾರೋ ಕೆಂಪು ಶಾಯಿ ಹಿಡಿದು ಬೆನ್ನ ಹಿಂದೆ ನಿಂತಂತೆ ಭಾಸವಾಗುತ್ತದೆ. ಅಡುಗೆಯ ವಿಷಯದಲ್ಲಂತೂ ನನಗೆ ಯಾವ ವಿಶ್ವವಿದ್ಯಾಲಯವೂ ಪ್ರಮಾಣಪತ್ರ ನೀಡಿಲ್ಲ. ನೀಡದಿದ್ದುದೇ ಸರಿ.

ಐವತ್ತರ ದಶಕದ ಕೊನೆಯ ಮಾತು. ಮದುವೆಯಾಗಿ ಕುಂದಾಪುರದ ಕಡೆಯಿಂದ ಮದರಾಸಿಗೆ ಬಂದ ಹೊಸತು. ಪತಿ ವಿಮಾ ಕಚೇರಿಯಲ್ಲಿ ಗುಮಾಸ್ತರು. ಮೈಲಾಪೂರಿನ ಹಳೆಯ ಮನೆಯೊಂದರ ಒಂದೇ ಕೋಣೆಯಲ್ಲಿ ನಾವಿಬ್ಬರು ಮತ್ತು ಅತ್ತೆ ವಾಸವಾಗಿದ್ದೆವು. ಅದೇ ಕೋಣೆಯ ಮೂಲೆಯಲ್ಲಿ ಇದ್ದಿಲ ಒಲೆ. ನಾವು ಒಗ್ಗರಣೆ ಹಾಕಿದರೆ ಮೆಣಸಿನ ಘಾಟು ನೇರವಾಗಿ ಮನೆಯೊಡೆಯರ ದೇವರ ಕೋಣೆಗೆ ಹೋಗುತ್ತಿತ್ತು. ದೇವರು ಸಹಿಸಿಕೊಳ್ಳುತ್ತಿದ್ದರು, ಮನೆಯೊಡತಿ ಸೀನುತ್ತಿದ್ದರು.

ಮನೆಯೊಡೆಯರು ಹರಿಕಥೆಯ ಭಾಗವತರು. ಅವರ ಪತ್ನಿಯನ್ನು ಎಲ್ಲರಂತೆ ನಾವೂ ಮಾಮಿ ಎಂದು ಕರೆಯುತ್ತಿದ್ದೆವು. ಆಗ ಹಿತ್ತಿಲ ಕಡೆಯ ಭಾಗ ಖಾಲಿಯಾಯಿತು. ಅದರಲ್ಲಿ ಗೋಡೆ, ಬಾಗಿಲು, ಕಿಟಕಿ ಎಲ್ಲವೂ ಉಳ್ಳ ಪ್ರತ್ಯೇಕ ಅಡುಗೆಮನೆಯಿತ್ತು. ಅತ್ತೆ ದಿನಕ್ಕೊಮ್ಮೆಯಾದರೂ ಹೋಗಿ ಆ ಕಿಟಕಿಯಲ್ಲಿ ಇಣುಕಿ ನಿಟ್ಟುಸಿರು ಬಿಟ್ಟು ಬರುತ್ತಿದ್ದರು. ಆದರೆ ರೈಲ್ವೆಯ ನೌಕರರೊಬ್ಬರೂ ಅದನ್ನು ಕೇಳಿದ್ದರು. ಯಾರಿಗೆ ಕೊಡಬೇಕೆಂಬುದನ್ನು ಭಾಗವತ ದಂಪತಿ ಇನ್ನೂ ನಿರ್ಧರಿಸಿರಲಿಲ್ಲ.

ಅವರನ್ನು ಫಲಾಹಾರಕ್ಕೆ ಕರೆದು ಒಲಿಸಿಕೊಳ್ಳುವ ಯೋಜನೆ ಸಂಪೂರ್ಣವಾಗಿ ನನ್ನದು. ಊರು ಬಿಟ್ಟವರಿಗೆ ಊರಿನ ನೆನಪು ಮನಸ್ಸಿಗಿಂತ ಮೊದಲು ನಾಲಿಗೆಗೆ ಬರುತ್ತದೆ. ನನ್ನ ನಾಲಿಗೆಗೆ ಆಗ ಪತ್ರೊಡೆಯ ನೆನಪಾಗಿತ್ತು. ಅಕ್ಕಿ, ತೆಂಗಿನಕಾಯಿ, ಮೆಣಸು, ಹುಣಸೆಹಣ್ಣು, ಬೆಲ್ಲಗಳನ್ನು ರುಬ್ಬಿ, ಕೆಸುವಿನ ಎಲೆಗೆ ಬಳಿದು, ಸುರುಳಿ ಸುತ್ತಿ, ಹಬೆಯಲ್ಲಿ ಬೇಯಿಸಿ, ಕೊಯ್ದು ಕಾವಲಿಯ ಮೇಲೆ ಕಾಯಿಸುವ ಆ ತಿಂಡಿಯನ್ನು ಮದರಾಸಿನ ಜನ ಕಂಡಿರಲಿಲ್ಲ. ಬಾವಿಯ ನೀರು ಹರಿದು ಹೋಗುವಲ್ಲಿ ಕೆಸು ಆನೆಯ ಕಿವಿಯಂತೆ ಬೆಳೆದು ನಿಂತಿತ್ತು.

"ಅಮ್ಮ ರಾಯಪುರಂನಿಂದ ಬರಲಿ. ಆಮೇಲೆ ಮಾಡಿದರೆ ಆಗದಾ?" ಎಂದರು ಪತಿ. ಅತ್ತೆ ಅಂದು ಬೆಳಿಗ್ಗೆ ನೆಂಟರ ಮನೆಗೆ ಹೋಗಿದ್ದರು.

"ನಾನು ಬಿ.ಎ. ಓದಿದವಳು. ಒಂದು ಪತ್ರೊಡೆ ಮಾಡಲಾರೆನೇ?"

"ಬಿ.ಎ.ಗೆ ಪತ್ರೊಡೆ ಪಾಠ ಇತ್ತಾ?"

ಇಂತಹ ಪ್ರಶ್ನೆಗಳಿಗೆ ಉತ್ತರಿಸದಿರುವುದೇ ಘನತೆಯೆಂದು ಎಲೆ ಕೊಯ್ಯಲು ಹೋದೆ. ಕೊಯ್ಯುವಾಗ ಕೈ ತುಸು ತುರಿಸಿತು. ಮದರಾಸಿನ ಸೊಳ್ಳೆಯೆಂದುಕೊಂಡೆ.

ಅಂದು ಸಂಜೆ ದೇವಸ್ಥಾನದಲ್ಲಿ ಭಾಗವತರ ಹರಿಕಥೆ ಇತ್ತು. ಕಥೆಯ ದಿನ ಅವರು ಹುಳಿ ಮುಟ್ಟುವುದಿಲ್ಲ, ಕಂಠಕ್ಕೆ ಕೆಡುಕು ಎಂದು ಮಾಮಿ ಹಿಂದೊಮ್ಮೆ ಹೇಳಿದ್ದು ರುಬ್ಬಲು ಕುಳಿತಾಗ ನೆನಪಾಯಿತು. ಅತಿಥಿಯ ವೃತ್ತಿಯನ್ನು ಗೌರವಿಸುವುದು ವಿದ್ಯಾವಂತರ ಲಕ್ಷಣವಲ್ಲವೇ? ಹುಣಸೆಹಣ್ಣನ್ನು ಸಂಪೂರ್ಣವಾಗಿ ಕೈಬಿಟ್ಟು ಬೆಲ್ಲವನ್ನು ಹೆಚ್ಚಿಸಿದೆ. ದಂಪತಿ ಹೇಳಿದ ಹೊತ್ತಿಗಿಂತ ಮೊದಲೇ ಬಂದುದರಿಂದ, ಅವರನ್ನು ಕಾಯಿಸುವುದು ಸರಿಯಲ್ಲವೆಂದು ಹಬೆಯ ಪಾತ್ರೆಯನ್ನೂ ಬೇಗನೆ ಇಳಿಸಿದೆ. ಅತಿಥಿಗಳಿಗಿಂತ ಮೊದಲು ರುಚಿ ನೋಡುವುದು ಅಶಿಷ್ಟವೆಂದು ಅದನ್ನೂ ಮಾಡಲಿಲ್ಲ. ಹೀಗೆ ನನ್ನ ಎಲ್ಲ ಸದ್ಗುಣಗಳೂ ಅಂದು ಒಟ್ಟಾಗಿ ಕೆಲಸ ಮಾಡಿದವು.

ಮಾಮಿಗೆ ಉಪವಾಸ. ಭಾಗವತರು ಮತ್ತು ಪತಿ ಎಲೆಯ ಮುಂದೆ ಕುಳಿತರು. ಭಾಗವತರು ಮೊದಲ ತುಂಡನ್ನು ಬಾಯಿಗಿಟ್ಟು, "ರೊಂಬ ನನ್ನಾ ಇರುಕ್ಕು" ಎಂದು ತಮಿಳಿನಲ್ಲಿ ರಾಗವಾಗಿ ಹೊಗಳಿದರು. ಎರಡನೆಯದನ್ನೂ ತಿಂದರು. ಮೂರನೆಯದಕ್ಕೆ ಚಾಚಿದ ಕೈ ನಡುವೆಯೇ ನಿಂತಿತು. ಕಣ್ಣು ಅಗಲವಾಯಿತು. ಊರೆಲ್ಲ ಕೊಂಡಾಡುವ ಆ ಕಂಠದಿಂದ, ತುಕ್ಕು ಹಿಡಿದ ರಾಟೆಯ ಸದ್ದು ಹೊರಟಿತು.



"ಏನಮ್ಮಾ ಕೊಟ್ಟೆ ಇವರಿಗೆ?" ಎಂದರು ಮಾಮಿ ತಮಿಳಿನಲ್ಲಿ.

"ಕೆಸುವಿನ ಎಲೆ, ಮಾಮಿ. ನಿಮ್ಮದೇ ಬಾವಿಯ ಹತ್ತಿರದ್ದು."

"ಅದನ್ನು ನಮ್ಮ ಹಸುವೇ ಮೂಸುವುದಿಲ್ಲ. ನಾವು ಗೆಡ್ಡೆ ಮಾತ್ರ ತಿನ್ನುವವರು!"

ಪತಿ ಗಂಟಲು ಹಿಡಿದುಕೊಂಡು ನನ್ನ ಕಡೆ ಬಾಗಿದರು. "ಹುಳಿ ಹಾಕಿದ್ದೀಯಲ್ಲ?"

"ಇಲ್ಲ. ಅವರ ಕಂಠಕ್ಕೆ ಕೆಡುಕೆಂದು..."

"ಮಾರಾಯ್ತಿ, ಕೆಸುವಿನ ತುರಿಕೆ ಸಾಯುವುದೇ ಹುಳಿಯಿಂದ."

ಹುಟ್ಟಿದಂದಿನಿಂದ ಪತ್ರೊಡೆ ತಿಂದವಳಿಗೆ ಈ ಸಂಗತಿ ಆ ಕ್ಷಣದಲ್ಲಿ ತಿಳಿಯಿತು. ಕೂಡಲೇ ಹುಣಸೆಹಣ್ಣು ತರಲು ಓಡಿದೆ. ಮಾಮಿ ಬಾಗಿಲಿಗೆ ಅಡ್ಡ ನಿಂತರು. "ಕಥೆಯ ದಿನ ಹುಳಿಯೇ? ಇವರ ಗುರುಗಳು ಮಜ್ಜಿಗೆಯನ್ನೂ ಮುಟ್ಟುತ್ತಿರಲಿಲ್ಲ." ಹಾಗಾಗಿ ಬಿಸಿ ಕಾಫಿ ಕೊಟ್ಟೆ. ಉರಿ ಇಮ್ಮಡಿಯಾಯಿತು. ಸಕ್ಕರೆ ಕೊಟ್ಟೆ, ತೆಂಗಿನೆಣ್ಣೆ ಕೊಟ್ಟೆ. ಭಾಗವತರು ಎಲ್ಲವನ್ನೂ ಸ್ವೀಕರಿಸಿ, ತುಟಿ ಊದಿಸಿಕೊಂಡು, ಕೈಸನ್ನೆಯಲ್ಲಿ ನನ್ನನ್ನು ದೂರ ಹೋಗೆಂದು ಬೇಡಿಕೊಂಡರು. ಸಂಜೆಯ ಸಭೆಯೂ ಹಿತ್ತಿಲ ಅಡುಗೆಮನೆಯೂ ಒಟ್ಟಿಗೇ ಕೈಬಿಟ್ಟು ಹೋಗುವುದನ್ನು ನೋಡುತ್ತ ನಿಂತೆ.

ಆಗ ಅತ್ತೆ ಬಂದರು. ಭಾಗವತರ ಮುಖ ನೋಡಿದರು, ಬಡಿಸುವ ತಟ್ಟೆ ನೋಡಿದರು, ಒಂದು ಚೂರು ಹಿಸುಕಿ ಮೂಸಿದರು.

"ಹುಳಿ ಹಾಕ್ಲಿಲ್ಯಾ?"

ಉತ್ತರಕ್ಕೂ ಕಾಯದೆ ಅತ್ತೆ ಡಬ್ಬಿಯಿಂದ ಲಿಂಬೆ ಗಾತ್ರದ ಹುಣಸೆಯುಂಡೆ ತೆಗೆದು, ಮಾಮಿಯನ್ನು ಮೆಲ್ಲನೆ ಬದಿಗೆ ಸರಿಸಿ, "ಚೀಪಿ, ಭಾಗವತ್ರೆ. ಜೀವ ಇದ್ರೆ ಕಥೆ" ಎಂದರು. ಅತ್ತೆಗೆ ತಮಿಳು ಬಾರದು. ಭಾಗವತರಿಗೆ ಕನ್ನಡ ಬಾರದು. ಆದರೂ ಅವರು ಗುರುಪರಂಪರೆಯನ್ನೆಲ್ಲ ಮರೆತು ಉಂಡೆಯನ್ನು ಕಸಿದುಕೊಂಡರು. ಉಳಿದರ್ಧಕ್ಕೆ ಪತಿ ಕೈಚಾಚಿದಾಗ ಕೊಡಲಿಲ್ಲ.

ಸಂಜೆಯ ಹೊತ್ತಿಗೆ ಕಂಠ ಬಂತು, ಆದರೆ ಪೂರ್ತಿಯಾಗಿ ಅಲ್ಲ. ಅಂದಿನ ಕಥೆ ಒಂದು ಮದುವೆಯ ಪ್ರಸಂಗ. ಎಂದಿನಂತಾದರೆ ವಧುವಿನ ಜಡೆಯ ವರ್ಣನೆಗೇ ಒಂದು ಗಂಟೆ ಬೇಕು. ಅಂದು ವಧುವರರು ಪರಸ್ಪರ ನೋಡಿದ್ದೇ ತಡ, ಮಾಂಗಲ್ಯಧಾರಣೆಯಾಗಿ ಮಂಗಳಾರತಿಯೂ ಆಯಿತು. ದೊನ್ನೆಗೆ ಪ್ರಸಾದ ತುಂಬುತ್ತಿದ್ದವರು ಗಾಬರಿಯಿಂದ ಎದ್ದು ಓಡಿಬಂದರು. ನಾನು ಕಂಬದ ಮರೆಯಲ್ಲಿ ಸೆರಗು ಹೊದ್ದು ಕುಳಿತಿದ್ದೆ.

ಮರುದಿನ ಮಾಮಿ ಬೀಗದ ಕೈ ಹಿಡಿದು ಬಂದರು. ಹೊರಗೆ ಹಾಕಲು ಬಂದರೆಂದು ನಾನು ಅಳಲು ಸಿದ್ಧಳಾದೆ.

"ಹಿತ್ತಿಲ ಭಾಗಕ್ಕೆ ನೀವೇ ಹೋಗಿ," ಎಂದರು ಮಾಮಿ. "ಮನೆಯನ್ನೇ ಬಿಡಿಸಬೇಕೆಂದಿದ್ದೆ. ಆದರೆ ನಿಮ್ಮತ್ತೆ ತಮ್ಮ ಗಂಟಲು ಉಳಿಸಿದರು ಅಂತಾರೆ ಇವರು. ಇರಿ. ಆದರೆ ನಿಮ್ಮ ಒಲೆ ಇವರಿಂದ ದೂರ ಇರಲಿ."

ಆ ವಾರವೇ ನಾವು ಹಿತ್ತಿಲ ಭಾಗಕ್ಕೆ ಹೋದೆವು. ಅತ್ತೆಗೆ ಪ್ರತ್ಯೇಕ ಅಡುಗೆಮನೆ ದೊರೆಯಿತು. ಅದರ ಹೊಸ್ತಿಲು ದಾಟಲು ನನಗೆ ಅನುಮತಿ ದೊರೆಯಲಿಲ್ಲ. ಮುಂದಿನ ಜೂನ್‌ನಲ್ಲಿ ಅತ್ತೆಯ ಒತ್ತಾಯದ ಮೇರೆಗೆ ಶಾಲೆಯೊಂದರಲ್ಲಿ ಉಪಾಧ್ಯಾಯಿನಿಯಾಗಿ ಸೇರಿದೆ. ಮನೆಗೆ ಎರಡನೆಯ ಸಂಬಳ ಬರತೊಡಗಿತು. ಸೊಸೆಯನ್ನು ದುಡಿಯಲು ಕಳಿಸಿದ ಅತ್ತೆಯ ಪ್ರಗತಿಪರ ಮನೋಭಾವವನ್ನು ನೆರೆಹೊರೆಯವರು ಬಹಳ ಮೆಚ್ಚಿಕೊಂಡರು. ಹಗಲು ಹೊತ್ತು ನಾನು ಮನೆಯಲ್ಲಿ ಇರಬಾರದು ಎಂಬುದಷ್ಟೇ ಅತ್ತೆಯ ಉದ್ದೇಶವಾಗಿತ್ತು.