ಐದು ಗೇರಿನ ಜೀಪು

ಶಂಭುಲಿಂಗನ ಗ್ರಹಚಾರ ಕೆಟ್ಟದ್ದು ಒಂದು ರಟ್ಟಿನ ತುಂಡಿನಿಂದ. ಬಿಸ್ಕೀಟು ಡಬ್ಬಿಯ ರಟ್ಟು. ಅದರ ಮೇಲೆ ಗೋವಿಂದ ಹೆಗಡೆ ಚಾ ಗ್ಲಾಸು ಇಟ್ಟ.

ಸುಮ್ಮನೆ ಇಟ್ಟಿದ್ದರೂ ಆಗುತ್ತಿತ್ತು. ಎತ್ತಿಕೊಂಡ, ಹಿಂದೆ ಮುಂದೆ ತಿರುಗಿಸಿ ನೋಡಿದ, "ಇದೆಂತದೋ ಮಾರಾಯ, ಇಷ್ಟೆಲ್ಲ ತೂತು? ಇಲಿ ಕಡದ್ದನಾ?" ಎಂದು ಕೇಳಿ, ಕವುಚಿ ಇಟ್ಟು, ಅದರ ಮೇಲೆ ಗ್ಲಾಸು ಇಟ್ಟ. ಶಿರಸಿಯ ಬನವಾಸಿ ರಸ್ತೆಯಲ್ಲಿ ಶಂಭುಲಿಂಗನ ಲೇತ್ ಅಂಗಡಿಗೆ ತಾಗಿಕೊಂಡೇ ಹೆಗಡೆಯ ಚಾದಂಗಡಿ. ಆತನಿಗೆ ಚಾ ಕಾಸುವುದು ಉಪಕಸುಬು. ಮುಖ್ಯ ಕಸುಬು ಬೇರೆಯವರ ಕೆಲಸದಲ್ಲಿ ಮೂಗು ತೂರಿಸುವುದು.

"ಅದನ್ನ ಮುಟ್ಟಬ್ಯಾಡ್ರೀ ಹೆಗಡೇರ, ತೂತಿನ ಅಳತಿ ಐತಿ!" ಎಂದು ಶಂಭುಲಿಂಗ ಗ್ಲಾಸು ಎತ್ತಿಟ್ಟ. ಅವಸರದಲ್ಲಿದ್ದ. ರಟ್ಟು ಕವುಚಿದ್ದ ಹಾಗೆಯೇ ಅದನ್ನು ಉಕ್ಕಿನ ಪ್ಲೇಟಿನ ಮೇಲೆ ಮಲಗಿಸಿ, ಒಂದೊಂದು ತೂತಿನಲ್ಲೂ ಪಂಚ್ ಇಟ್ಟು ಸುತ್ತಿಗೆಯಿಂದ ಹೊಡೆದ. ಗುರುತು ಬಿತ್ತು. ಎಡ ಬಲವಾಯಿತು, ಬಲ ಎಡವಾಯಿತು.

ಅವಸರಕ್ಕೆ ಕಾರಣ ದಾಕ್ಷಾಯಿಣಿ.

ಹೆಣ್ಣು ನೋಡಲು ಹೋದ ದಿನ, ಬನವಾಸಿ ಕಡೆಯ ಆ ಮನೆಯ ಜಗಲಿಯಲ್ಲಿ ಕೂತು, "ನಮ್ಮಲ್ಲೆ ಜೀಪ್ ಐತ್ರಿ" ಎಂದಿದ್ದ. ಸುಳ್ಳಲ್ಲ. ಇಡಗುಂದಿಯ ನಾಟಾ ಕಂತ್ರಾಟುದಾರರೊಬ್ಬರು ಗುಜರಿಗೆ ಹಾಕಿದ್ದ, ಅವನಪ್ಪನಿಗಿಂತ ವಯಸ್ಸಾದ ಜೀಪೊಂದು ಅಂಗಡಿಗೆ ಹೊಂದಿಕೊಂಡ ಅವನ ಮನೆಯಂಗಳದಲ್ಲಿತ್ತು. ನಾಲ್ಕು ಮೂಲೆಗೂ ಇಟ್ಟಿಗೆ ಪೇರಿಸಿ ನಿಲ್ಲಿಸಿದ್ದ. ಎಂಜಿನ್ನು ಗಟ್ಟಿಮುಟ್ಟು, ಗೇರ್‌ಬಾಕ್ಸಿಗೆ ಮಾತ್ರ ಒಂದು ಹಲ್ಲೂ ಉಳಿದಿರಲಿಲ್ಲ. ಮದುವೆಯಾಗಿ ಬಂದ ದಾಕ್ಷಾಯಿಣಿ ಜೀಪಿನ ಹಿಂದಿನ ಸೀಟಿನಲ್ಲಿ ಕೋಳಿ ಕಾವಿಗೆ ಕೂತದ್ದು ಕಂಡಳು. ಯುಗಾದಿಗೆ ತವರಿಗೆ ಹೋದವಳು ಅಲ್ಲಿಂದ ಹೇಳಿ ಕಳಿಸಿದಳು: "ಆ ಜೀಪು ತನ್ನ ಕಾಲ ಮ್ಯಾಲೆ ನಮ್ಮ ಬಾಗಲಕ್ಕ ಬರಲಿ. ಅದರಾಗ ಹತ್ತಿ ಬರ್ತೀನಿ. ಬಸ್ಸಿಗೆ ಬರೂದಿಲ್ಲ."

ಅಲ್ಲಿಂದೀಚೆ ಅವನಿಗೆ ಊಟ ಸೇರುತ್ತಿರಲಿಲ್ಲ. ಲೇತ್ ತಿರುಗುವ ಸದ್ದಿನಲ್ಲೂ ಅವಳ ಬಳೆ ಸದ್ದು ಕೇಳಿಸುತ್ತಿತ್ತು. ಗಾಡಿಗೆ ಗೇರ್‌ಬಾಕ್ಸೇ ಇಲ್ಲದಿರುವಾಗ ಆತ ಮೊದಲು ಮಾಡಿಸಿದ್ದು ಮುಂದಿನ ಎಡಗಡೆಯ ಸೀಟಿಗೆ ಹೊಸ ರೆಕ್ಸಿನ್, ಅವಳಿಗೆ ಇಷ್ಟವಾದ ಗಿಳಿಹಸಿರು ಬಣ್ಣದ್ದು. ಆ ಖಾಲಿ ಸೀಟಿನ ಧೂಳನ್ನು ದಿನಾ ಒರೆಸುತ್ತಿದ್ದ.

ಕಡೆಗೆ ಕಿರವತ್ತಿಯ ಹೆದ್ದಾರಿಯಲ್ಲಿ ನುಜ್ಜುಗುಜ್ಜಾಗಿ ಬಿದ್ದ ಹೊಸ ಗಾಡಿಯೊಂದರ ಗೇರ್‌ಬಾಕ್ಸು ಸಿಕ್ಕಿತು. ಐದು ಗೇರಿನದ್ದು! ಆದರೆ ಹಳೆ ಎಂಜಿನ್ನಿನ ಬೋಲ್ಟುಗಳು ಒಂದು ಕಡೆ, ಹೊಸ ಗೇರ್‌ಬಾಕ್ಸಿನ ತೂತುಗಳು ಇನ್ನೊಂದು ಕಡೆ. ಮದುವೆ ದಲ್ಲಾಳಿಯ ಹಾಗೆ ಎರಡೂ ಕಡೆಯವರ ತೂತು ಬಲ್ಲ ಒಂದು ದಪ್ಪ ಪ್ಲೇಟು ನಡುವೆ ಬೇಕು. ಅಡಾಪ್ಟರ್ ಪ್ಲೇಟು. ಅದನ್ನು ಯಾವ ಅಂಗಡಿಯಲ್ಲೂ ಮಾರುವುದಿಲ್ಲ, ಕೊರೆದೇ ಮಾಡಬೇಕು.

ಅದೂ ಇವತ್ತೇ ಆಗಬೇಕು. ನಾಳೆ ಅಮಾವಾಸ್ಯೆ, ನಾಡಿದ್ದು ಆಷಾಢ. ಆಷಾಢದಲ್ಲಿ ಹೊಸ ಮದುವಣಗಿತ್ತಿಯನ್ನು ಗಂಡನ ಮನೆಗೆ ಕಳಿಸುವುದಿಲ್ಲ. ಇವತ್ತಾದರೂ ದೀಪ ಹಚ್ಚುವುದರೊಳಗೆ ಕರೆತರಬೇಕು, ದೀಪ ಹಚ್ಚಿದ ಮೇಲೆ ಮಗಳು ಹೊಸ್ತಿಲು ದಾಟುವಂತಿಲ್ಲ. ಹಿಂದಿನ ಸಂಜೆ ಎಸ್‌ಟಿಡಿ ಬೂತಿನಿಂದ ಮಾವ ಚನ್ನಯ್ಯನವರಿಗೆ ಫೋನು ಮಾಡಿ, "ಜೀಪ್ ತೊಗೊಂಡ ಬರ್ತೀನ್ರಿ" ಎಂದು ಮಾತು ಕೊಟ್ಟೂ ಆಗಿತ್ತು.

ಪ್ಲೇಟು ಕೊರೆದು, ಎಂಜಿನ್ನಿಗೆ ಬಿಗಿದು, ಗೇರ್‌ಬಾಕ್ಸು ಕೂರಿಸಿ, ಜೀಪಿನ ಕೆಳಗೆ ಬಗ್ಗಿ ನೋಡಿದ. ಎಡಕ್ಕಿರಬೇಕಾದ ಗೇರ್‌ಬಾಕ್ಸಿನ ಬಾಲ ಬಲಕ್ಕೆ ಬಂದಿತ್ತು. ಹಿಂದಿನ ಚಕ್ರಗಳ ಅಚ್ಚಿಗೂ ಅದಕ್ಕೂ ಮಾತು ಬಿಟ್ಟ ದಾಯಾದಿಗಳಂತೆ ಒಂದು ಗೇಣು ಅಂತರ. ಪ್ಲೇಟನ್ನೇ ಮಗುಚಿ ಹಾಕೋಣವೆಂದರೆ ಬೋಲ್ಟಿನ ತಲೆ ಕೂರುವ ಗುಳಿಗಳನ್ನು ಒಂದೇ ಮಗ್ಗುಲಿಗೆ ತೆಗೆದಾಗಿತ್ತು. ಇನ್ನೊಂದು ಪ್ಲೇಟು ಕೊರೆಯೋಣವೆಂದರೆ ಅಷ್ಟು ದಪ್ಪದ ಉಕ್ಕು ಇರಲಿಲ್ಲ. ಸಾಲದ್ದಕ್ಕೆ ಕರೆಂಟೂ ಹೋಯಿತು.

"ಎಲ್ಲಾ ನಿಮ್ಮ ಗ್ಲಾಸಿಂದ್ರೀ!" ಎಂದು ಶಂಭುಲಿಂಗ ಅರಚಿದ.

"ಚಾ ಕೊಟ್ಟದ್ದೇ ತಪ್ಪಾತನಾ? ಒಳ್ಳೆ ಕಾಲ ಬಂತು!" ಎಂದ ಹೆಗಡೆ. ಆದರೂ ಅಲ್ಲಿಂದ ಏಳಲಿಲ್ಲ.

ಆಗ ಎದುರಿನ ಅಂಗಡಿಯಿಂದ ಗ್ಯಾಸ್ ವೆಲ್ಡಿಂಗಿನ ಬಸಪ್ಪ ಬೀಡಿ ಕಚ್ಚಿಕೊಂಡು ಬಂದ. ಜೀಪಿನ ಕೆಳಗೆ ತೂರಿ, ಹೊರಗೆ ಬಂದು, ಮಠದ ಸ್ವಾಮಿಗಳಂತೆ ಕೈ ಎತ್ತಿದ.

"ತಲಿ ಹೊಳ್ಳವಲ್ದು ಅಂದ್ರ ಕಾಲು ಹೊಳ್ಳಸೋ ತಮ್ಮಾ. ಹಿಂದಿನ ಅಚ್ಚು ಬೋರಲ ಹಾಕು. ಅದರ ಮೂತಿನೂ ಬಲಕ್ಕ ಬರ್ತೈತಿ. ತಾನ ಕೂಡತೈತಿ."

ಹಸಿದವನಿಗೆ ಹಳಸಿದ್ದೂ ಹಬ್ಬದೂಟ. ಶಂಭುಲಿಂಗ ಯೋಚನೆ ಮಾಡಲಿಲ್ಲ. ಅಚ್ಚು ಬಿಚ್ಚಿದರು, ಬೋರಲು ಹಾಕಿದರು, ಬಸಪ್ಪ ಬೆಸುಗೆ ಹಾಕಿದ. ಗೇರ್‌ಬಾಕ್ಸಿನ ಬಾಲವೂ ಅಚ್ಚಿನ ಮೂತಿಯೂ ಸರಿಯಾಗಿ ಕೂಡಿದವು. ಇಟ್ಟಿಗೆ ತೆಗೆದರು. ಹ್ಯಾಂಡಲ್ ತಿರುವಿದ್ದೇ ತಡ, ಎಂಜಿನ್ನು ಗುಡುಗುಡು ಎಂದಿತು. ಶಂಭುಲಿಂಗನ ಕಣ್ಣು ಒದ್ದೆಯಾಯಿತು. ಖಾಲಿ ಸೀಟನ್ನೊಮ್ಮೆ ಸವರಿ ಮೊದಲನೇ ಗೇರು ಹಾಕಿದ.

ಜೀಪು ಹಿಂದಕ್ಕೆ ನೆಗೆದು ಹೆಗಡೆಯ ಅಂಗಡಿಯ ಬೆಂಚನ್ನು ಪುಡಿ ಮಾಡಿತು.

"ಏಯ್, ರಿವರ್ಸ್ ಬಿತ್ತೋ!" ಎಂದು ಬಸಪ್ಪ ಕೂಗಿದ. ಶಂಭುಲಿಂಗ ಎರಡನೇ ಗೇರು ಹಾಕಿದ. ಇನ್ನೂ ಜೋರಾಗಿ ಹಿಂದಕ್ಕೆ ಹೋಯಿತು. ಮೂರನೆಯದಕ್ಕೆ ಹೆಗಡೆ ಒಲೆ ಬಿಟ್ಟು ಓಡಿದ. ಕಡೆಗೆ ಹೆದರುತ್ತ ರಿವರ್ಸ್ ಗೇರು ಹಾಕಿದರೆ, ಜೀಪು ತುಂಬು ಗಬ್ಬದ ಎಮ್ಮೆಯಂತೆ ನರಳುತ್ತ ಮೆಲ್ಲಗೆ ಮುಂದಕ್ಕೆ ಬಂತು. ಅಚ್ಚು ಬೋರಲಾದ ಮೇಲೆ ಚಕ್ರ ಸುತ್ತುವ ದಿಕ್ಕೂ ಬೋರಲಾಗಿತ್ತು.

"ಹಿಂದಕ್ಕೆ ಐದು ಗೇರು, ಮುಂದಕ್ಕೆ ಒಂದೇ," ಎಂದ ಹೆಗಡೆ ದೂರದಿಂದ. "ಥೇಟ್ ನಮ್ಮ ಸರ್ಕಾರ ಮಾರಾಯ!"

ಶಂಭುಲಿಂಗನ ಮೈಯೆಲ್ಲ ಉರಿಯಿತು. ಇವರನ್ನು ಯಾರು ಕೇಳಿದ್ದರು? ಒಬ್ಬ ಗ್ಲಾಸು ಇಡುತ್ತಾನೆ, ಒಬ್ಬ ಅಚ್ಚು ಬೋರಲು ಹಾಕಿಸುತ್ತಾನೆ, ಇಬ್ಬರೂ ಮನೆಗೆ ಹೋಗಿ ಹೆಂಡತಿ ಬಡಿಸಿದ ಅನ್ನ ಉಣ್ಣುತ್ತಾರೆ. ಸ್ಪ್ಯಾನರು ಎತ್ತಿ ಬಸಪ್ಪನ ಕಡೆ ನಡೆದ.

ಬಸಪ್ಪ ಎರಡು ಹೆಜ್ಜೆ ಹಿಂದೆ ಸರಿದು, "ಹೊತ್ತ ನೋಡೋ ಮೊದಲ," ಎಂದ. "ಮುಂದಕ್ಕ ಹೋದ್ರ ನಾಳೆ ಮುಟ್ಟತಿ. ಹಿಂದಕ್ಕ ಹೋದ್ರ ಇವತ್ತ ಮುಟ್ಟತಿ."

ಸೂರ್ಯ ಇಳಿಯತೊಡಗಿದ್ದ. ಶಂಭುಲಿಂಗ ಸ್ಪ್ಯಾನರು ಎಸೆದು ಜೀಪು ಹತ್ತಿದ.

ಬನವಾಸಿ ರಸ್ತೆ ಅಂಥ ಸವಾರಿಯನ್ನು ಎಂದೂ ಕಂಡಿರಲಿಲ್ಲ. ಶಿರಸಿಗೆ ಮುಖ, ಬನವಾಸಿಗೆ ಬೆನ್ನು ಮಾಡಿಕೊಂಡು ಜೀಪು ಓಡಿತು. ಶಂಭುಲಿಂಗ ಗೂಬೆಯ ಹಾಗೆ ಕುತ್ತಿಗೆ ಹಿಂದಕ್ಕೆ ತಿರುವಿ ಕೂತಿದ್ದ. ಎದುರಿನಿಂದ ಬಂದ ಬಸ್ಸಿನ ಡ್ರೈವರು, ಇವನು ತನ್ನ ಮುಂದೆ ಶಿರಸಿಗೇ ಹೋಗುತ್ತಿದ್ದಾನೆಂದು ತಿಳಿದು, ದಾರಿ ಬಿಡಲೆಂದು ಹಾರ್ನು ಹೊಡೆದೇ ಹೊಡೆದ. ಎಮ್ಮೆಗಳು ಗದ್ದೆಗೆ ಇಳಿದವು. ಅಂತೂ ಹೊತ್ತು ಮುಳುಗುವ ಮುಂಚೆ ಜೀಪು ಮಾವನ ಬಾಗಿಲಲ್ಲಿತ್ತು, ತನ್ನ ಕಾಲ ಮೇಲೆಯೇ.

ಮಾವ ಚನ್ನಯ್ಯ ಜೀಪಿನ ಸುತ್ತ ಒಂದು ಸುತ್ತು ಬಂದು ಮೀಸೆಯಡಿಯಲ್ಲಿ ನಕ್ಕರು. "ಬರೂಮುಂದನ ಶಿರಸಿಗೆ ಮಾರಿ ಮಾಡಿ ನಿಲ್ಲಸ್ಯಾರ ನೋಡು! ಭಾಳ ಶಾಣ್ಯಾ ಅಳಿಯಂದ್ರು. ಅವಸರ ಐತಿ."

ಅತ್ತೆ ಮುರಿಗೆವ್ವ ಮಗಳಿಗೆ ಉಡಿ ತುಂಬಿದಳು. ದಾಕ್ಷಾಯಿಣಿ ಹೊರಗೆ ಬಂದಳು. ಗಿಳಿಹಸಿರು ಸೀಟು ನೋಡಿದಳು, ಅವನನ್ನು ನೋಡಿದಳು. "ನನಗಂತ ಮಾಡಿಸೀರೇನು?" ಎಂದು ಮೆಲ್ಲಗೆ ಕೇಳಿದಳು. ಕುತ್ತಿಗೆ ಹಿಡಿದುಕೊಂಡಿದ್ದರಿಂದ ಅವನಿಗೆ ಹೌದೆಂದು ತಲೆ ಆಡಿಸಲು ಬರಲಿಲ್ಲ, ಸೀಟು ತಟ್ಟಿ ತೋರಿಸಿದ.

ಅವಳು ಹತ್ತಿ ಕೂತಳು. ಶಂಭುಲಿಂಗ ಶಿರಸಿಗೆ ಮುಖ ಮಾಡಿದ್ದ ಜೀಪನ್ನು ಸುತ್ತು ತಿರುಗಿಸಿ, ಅದರ ಮೂತಿಯನ್ನು ಮಾವನ ಮನೆಗೆ ಮಾಡಿ ನಿಲ್ಲಿಸಿದ. ನೋಡುತ್ತಿದ್ದವರಿಗೆ ಒಂದೂ ತಿಳಿಯಲಿಲ್ಲ. ಹೇಳುತ್ತ ಕೂರಲು ಹೊತ್ತಿರಲಿಲ್ಲ. ಮೊದಲನೇ ಗೇರು ಹಾಕಿದ. ಜೀಪು ಹಿಂದಕ್ಕೆ, ಅಂದರೆ ಶಿರಸಿಗೆ ಹೊರಟಿತು.

ಶಂಭುಲಿಂಗನ ಕಣ್ಣು ಹಿಂದಿನ ದಾರಿಯ ಮೇಲೆ. ದಾಕ್ಷಾಯಿಣಿಯ ಕಣ್ಣು ಮುಂದಿನ ಗಾಜಿನ ಮೇಲೆ. ಗಾಜಿನ ತುಂಬ ತವರುಮನೆ. ಬಸ್ಸಿನಲ್ಲಾಗಿದ್ದರೆ ಹತ್ತಿದ ಕೂಡಲೇ ತವರು ಬೆನ್ನಿಗೆ ಬೀಳುತ್ತಿತ್ತು, ಕಣ್ಣಿಗೆ ಹೊಸ ದಾರಿ ಸಿಗುತ್ತಿತ್ತು. ಇಲ್ಲಿ ಗದ್ದೆ ನಡುವಿನ ನೆಟ್ಟಗಿನ ರಸ್ತೆಯುದ್ದಕ್ಕೂ ಬಾಗಿಲಲ್ಲಿ ನಿಂತ ಅವ್ವ ಕಂಡಳು. ಸೆರಗು ಕಣ್ಣಿಗೆ ಒತ್ತಿದ್ದು ಕಂಡಿತು. ಕಂಬ ಹಿಡಿದು ಕುಸಿದು ಕೂತದ್ದು ಕಂಡಿತು. ಅವ್ವ ಸಣ್ಣಗಾಗುತ್ತ, ಸಣ್ಣಗಾಗುತ್ತ ಹೋದಳು.

"ನಿಲ್ಲಸ್ರಿ," ಎಂದಳು ದಾಕ್ಷಾಯಿಣಿ.

"ಯಾಕ?"

"ಅವ್ವ ಅಳಾಕತ್ಯಾಳ."

"ಎಲ್ಲಾರ ಅವ್ವಂದಿರೂ ಅಳತಾರ, ದಾಕ್ಷಾ."

"ಅಳತಾರ ಖರೆ. ಮಗಳನ್ನ ಎದುರಿಗೆ ಕುಂದ್ರಿಸಿ ಯಾರೂ ತೋರಸೂದಿಲ್ಲ. ನಿಲ್ಲಸ್ರೀ!"

ನಿಲ್ಲಿಸಿದ. ಅವಳು ಉಡಿ ಗಟ್ಟಿ ಹಿಡಿದು ಇಳಿದಳು. ಎರಡು ಹೆಜ್ಜೆ ಹೋಗಿ, ಕಣ್ಣೊರೆಸಿಕೊಂಡು ತಿರುಗಿ ಬಂದಳು. ಹಸಿರು ರೆಕ್ಸಿನ್ನನ್ನು ಬೆರಳಲ್ಲೊಮ್ಮೆ ಸವರಿದಳು.

"ಸೀಟು ಚಲೋ ಐತ್ರಿ. ಆಷಾಢ ಕಳೀಲಿ, ಬರ್ತೀನಿ." ಸ್ವಲ್ಪ ತಡೆದು ಹೇಳಿದಳು, "ಬಸ್ಸಿಗೆ ಬರ್ತೀನಿ."

ಅವಳು ತವರಿನ ಕಡೆ ನಡೆದಳು. ಶಂಭುಲಿಂಗ ಸ್ಟೇರಿಂಗು ಹಿಡಿದ. ಬಯ್ಯೋಣವೆಂದರೆ ಬಸಪ್ಪನೂ ಇಲ್ಲ, ಹೆಗಡೆಯೂ ಇಲ್ಲ. ಮತ್ತೆ ಗೇರು ಹಾಕಿದ. ಜೀಪು ಹಿಂದಕ್ಕೆ ಹೊರಟಿತು. ಈಗ ಗಾಜಿನ ತುಂಬ ಅವಳು. ಅವಳ ಬೆನ್ನು, ಜಡೆ, ಸಂಜೆಯ ಬೆಳಕಲ್ಲಿ ಮಿನುಗುವ ಹಸಿರು ಬಳೆ. ಅವನು ದಾರಿ ನೋಡಬೇಕಿತ್ತು. ಕುತ್ತಿಗೆ ತಿರುಗಲಿಲ್ಲ. ದೂರದಲ್ಲಿ ಅವಳು ನಿಂತು ಒಮ್ಮೆ ಹಿಂತಿರುಗಿ ನೋಡಿದಳು.

ಅದೇ ಹೊತ್ತಿಗೆ ಜೀಪಿನ ಹಿಂದಿನ ಚಕ್ರಗಳು ರಸ್ತೆ ಬಿಟ್ಟು ಉತ್ತ ಗದ್ದೆಗೆ ಇಳಿದವು.

ಮನೆ ಕಡೆಯಿಂದ ಚನ್ನಯ್ಯ ಪಂಚೆ ಎತ್ತಿ ಕಟ್ಟಿ ಓಡಿ ಬರುತ್ತಿದ್ದರು. "ಅಳಿಯಂದ್ರ! ಗಾಬರಿ ಆಗಬ್ಯಾಡ್ರಿ! ಮೊದಲನೇ ಗೇರಿಗೆ ಹಾಕಿ ಜೋರು ಎಬ್ಬಸ್ರಿ!"

ಶಂಭುಲಿಂಗ ಅವಳನ್ನೇ ನೋಡುತ್ತಿದ್ದ. ಹಿರಿಯರು ಹೇಳಿದಂತೆ ಹಾಕಿದ, ಜೋರಾಗಿಯೇ ಎಬ್ಬಿಸಿದ.