ಯಾವ ಸೆಕ್ಷನ್ನಿಗೂ ಸೇರದ ಮೇಷ್ಟ್ರು

ಜೀವಿಗಳನ್ನು ಭೌತಶಾಸ್ತ್ರದ ಕಣ್ಣಿಂದ ನೋಡುವ ವಿದ್ಯೆಗೆ ಜೀವಭೌತಶಾಸ್ತ್ರ ಅನ್ನುತ್ತಾರೆ. ಶಿವಮೊಗ್ಗದ ಕಾಲೇಜೊಂದರಲ್ಲಿ ಮೂವತ್ತು ವರ್ಷ ಅದನ್ನು ಕಲಿಸಿದ ನನಗೆ ನಗೆಪಾಟಲಾಗಲು ಬೇರೆ ಕಸುಬು ಬೇಕಿರಲಿಲ್ಲ. ನಕ್ಕವರೆಲ್ಲ ಬೇರೆಯವರು ಅನ್ನುವುದೊಂದೇ ಬೇಸರ.

ಮೇಜು

ಕೆಲಸಕ್ಕೆ ಸೇರಿದ ದಿನ ಜೀವಶಾಸ್ತ್ರದ ಮುಖ್ಯಸ್ಥರು ನನ್ನ ವೈರು, ಮೀಟರು ನೋಡಿ ಭೌತಶಾಸ್ತ್ರಕ್ಕೆ ಹೋಗಿ ಅಂದರು. ಅಲ್ಲಿಯವರು ನನ್ನ ಕಪ್ಪೆ ಜಾಡಿಯ ವಾಸನೆಗೆ ಮೂಗು ಮುಚ್ಚಿಕೊಂಡು ವಾಪಸ್ ಕಳಿಸಿದರು. ಕೊನೆಗೆ ನನ್ನ ಮೇಜು ಎರಡೂ ವಿಭಾಗಗಳ ನಡುವಿನ ಕಾರಿಡಾರಿನಲ್ಲಿ ಬಿತ್ತು. ಬಂದವರೆಲ್ಲ ಆಫೀಸ್ ಎಲ್ಲಿ ಎಂದು ನನ್ನನ್ನೇ ಕೇಳತೊಡಗಿದರು. ಪಾಠಕ್ಕಿಂತ ಹೆಚ್ಚು ದಾರಿ ಹೇಳಿಕೊಟ್ಟಿದ್ದೇನೆ.

ಗಿಡ

ಮುಟ್ಟಿದರೆ ಮುನಿಯ ಎಲೆ ಮುದುಡುವಾಗ ಅದರೊಳಗೆ ಹರಿಯುವ ವಿದ್ಯುತ್ತನ್ನು ಅಳೆಯುತ್ತೇನೆಂದು ಸಂಶೋಧನೆಗೆ ಅರ್ಜಿ ಹಾಕಿದೆ. ಎಲೆ ನಮ್ಮದಲ್ಲ ಎಂದು ಒಬ್ಬ ಮುಖ್ಯಸ್ಥರು, ಕರೆಂಟ್ ನಮ್ಮದಲ್ಲ ಎಂದು ಇನ್ನೊಬ್ಬರು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅಂತಾರಲ್ಲ, ಹಾಗಾಯಿತು. ರಜೆಯಲ್ಲಿ ನೀರು ಹಾಕುವುದು ಯಾವ ವಿಭಾಗದ ಕೆಲಸ ಎಂದು ತೀರ್ಮಾನವಾಗುವ ಮೊದಲೇ ಗಿಡ ಒಣಗಿತು.

ಶಾಲು

ಭದ್ರಾವತಿಯಲ್ಲಿರುವ ನನ್ನಪ್ಪ ಕಾರ್ಖಾನೆಯಲ್ಲಿ ದುಡಿದವರು. ಮನುಷ್ಯ ಅಂದಮೇಲೆ ಅವನಿಗೊಂದು ಸೆಕ್ಷನ್ ಇರಬೇಕು ಅನ್ನುವುದು ಅವರ ನಂಬಿಕೆ. ನಾನು ನಿವೃತ್ತನಾಗುವ ವಾರ ಕೇಳಿದರು:

"ನಮ್ಮಲ್ಲಿ ಸೆಂಡ್‌ಆಫ್ ಮಾಡೋದು ಸೆಕ್ಷನ್‌ನೋರು ಕಣೋ. ನಿಂಗೆ ಯಾರು ಮಾಡ್ತಾರೆ?"

"ಎರಡೂ ಕಡೆಯೋರು ಮಾಡ್ತಾರೆ" ಅಂದೆ. ಅಪ್ಪ ನಂಬಲಿಲ್ಲ. ನಿಜ ಹೇಳಬೇಕೆಂದರೆ ನನಗೂ ಹೆದರಿಕೆಯಿತ್ತು. ಮೂವತ್ತು ವರ್ಷ ದುಡಿದು ಯಾರಿಗೂ ಬೇಡವಾಗಿ ಹೋಗುವುದು ತಮಾಷೆಯಲ್ಲ. ಅಪ್ಪ ಟ್ರಂಕಿನಿಂದ ತಮ್ಮ ಸೆಂಡ್‌ಆಫಿನ ಶಾಲು ತೆಗೆದು, "ಯಾವುದಕ್ಕೂ ಇರ್ಲಿ, ಬ್ಯಾಗಲ್ಲಿ ಇಟ್ಕೋ ಮಾರಾಯ" ಅಂದರು.

ಅವರು ಹೆದರಿದಂತೆಯೇ ಆಯಿತು. ಸಭೆಯಲ್ಲಿ ಪ್ರಿನ್ಸಿಪಾಲರು ಶಾಲು ಎಲ್ಲಿ ಎಂದರೆ, ಮುಖ್ಯಸ್ಥರಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವರು ತರುತ್ತಾರೆಂದು ಇವರು, ಇವರು ತರುತ್ತಾರೆಂದು ಅವರು ಸುಮ್ಮನಿದ್ದರು. ನಾನೇ ಬ್ಯಾಗು ತೆರೆದು ಶಾಲು ಕೊಟ್ಟೆ. ಅಷ್ಟರಲ್ಲಿ ಫೋಟೋದವನು ಬಂದ. ತಕ್ಷಣ ಇಬ್ಬರೂ ಎದ್ದು, ಇವರು ನಮ್ಮ ವಿಭಾಗದವರು, ಹೊದಿಸಬೇಕಾದ್ದು ನಾವು ಎಂದು ಒಂದೊಂದು ತುದಿ ಹಿಡಿದು ಎಳೆದರು. ಹಳೇ ಶಾಲು, ನಡುವೆ ಪರ್ರೆಂದು ಹರಿಯಿತು.

ಸಂಜೆ ಭದ್ರಾವತಿಗೆ ಹೋಗಿ ಎರಡು ತುಂಡನ್ನೂ ಅಪ್ಪನ ಮುಂದಿಟ್ಟೆ. ಬೈಯುತ್ತಾರೆ ಅಂದುಕೊಂಡಿದ್ದೆ. ನಡೆದದ್ದನ್ನೆಲ್ಲ ಕೇಳಿ, ಹರಿದ ಅಂಚನ್ನು ಸವರಿ ಅಂದರು:

"ಹಂಗಾದ್ರೆ ಎರಡೂ ಕಡೆಯೋರು ಮಾಡಿದ್ರು ಅನ್ನು."