ಫ್ರೆಂಚ್ ಕೊಡಲಿ ಮತ್ತು ಬೋರ್‌ವೆಲ್ ತಕರಾರು

ನಂಬದಿದ್ದರೆ ಬಿಡಿ, ನನಗೇನೂ ನಷ್ಟವಿಲ್ಲ. ಆದರೆ ಒಂದು ಸಲ ಬಾಗೂರಿಗೆ ಬಂದು, ಹೊಸದುರ್ಗ ತಾಲ್ಲೂಕಿಗೆ ಫ್ರೆಂಚ್ ಸಿನಿಮಾ ತಂದವನು ಯಾರು ಅಂತ ಕೇಳಿ ನೋಡಿ. ಹೆಸರು ಹೇಳುವುದಿಲ್ಲ, ಸೀದಾ ನಮ್ಮ ಮನೆ ಕಡೆ ಬೆರಳು ತೋರಿಸುತ್ತಾರೆ. ಅದೂ ಎಂಥ ಸಿನಿಮಾ? ಹಾಡಿಲ್ಲ, ಕುಣಿತವಿಲ್ಲ, ಶುರುವಿನಿಂದ ಕೊನೆಯವರೆಗೆ ರಕ್ತವೇ ರಕ್ತ. ಬೇರೆಯವರಿಗೆ ಜನ್ಮಕ್ಕೊಂದು ಸಲ ಆಗುವಂಥದ್ದು ನನಗೆ ವಾರಕ್ಕೆರಡು ಸಲ ಆಗುತ್ತದೆ. ಅದಕ್ಕೆ ನಾನೇನು ಮಾಡಲಿ, ನನ್ನ ಮುಖವೇ ಹಾಗಿದೆ.

೧. ಡಬ್ಬ

ಎರಡು ಸಾವಿರದ ಐದೋ ಆರೋ ಇರಬೇಕು. ನಾನು ಹೊಸದುರ್ಗದ ಬಸ್‌ಸ್ಟ್ಯಾಂಡ್ ಹತ್ತಿರ ಒಂದು ಸಿ.ಡಿ. ಅಂಗಡಿಯಲ್ಲಿ ಕೆಲಸಕ್ಕಿದ್ದೆ. ಕೆಲಸಕ್ಕಿದ್ದೆ ಅನ್ನುವುದು ವಿನಯಕ್ಕೆ. ಅಂಗಡಿ ನಡೆಯುತ್ತಿದ್ದದ್ದೇ ನನ್ನಿಂದ. ಡಿಸ್ಕು ಬಾಡಿಗೆಗೆ ಕೊಡುವುದು, ಯಾರಾದರೂ ಕರೆದರೆ ಟಿವಿ, ಪ್ಲೇಯರ್ ಎರಡನ್ನೂ ಗೋಣಿಚೀಲದಲ್ಲಿ ಸುತ್ತಿ ಮೊಪೆಡ್ಡಿಗೆ ಕಟ್ಟಿಕೊಂಡು ಹಳ್ಳಿಗೆ ಹೋಗಿ ಸಿನಿಮಾ ಹಾಕಿ ಬರುವುದು ನನ್ನ ಕೆಲಸ.

ಗಣಪತಿ ಹಬ್ಬಕ್ಕೆ ಅಂತ ಮಾಲೀಕರು ಬೆಂಗಳೂರಿಂದ ಭಕ್ತಿಗೀತೆ ತರಿಸಿದರು. ಲಾರಿ ಆಫೀಸಿಂದ ಡಬ್ಬ ತಂದು ಬಿಚ್ಚಿದರೆ ಮೊದಲನೇ ಕವರಿನ ಮೇಲೆ ಒಬ್ಬ ಹೆಂಗಸು, ಕಣ್ಣಿರಬೇಕಾದ ಕಡೆ ಕಣ್ಣಿಲ್ಲ. ಎರಡನೆಯದರ ಮೇಲೆ ಗರಗಸ. ಮೂರನೆಯದನ್ನು ಮಾಲೀಕರು ಬೋರಲು ಹಾಕಿ ಊದುಬತ್ತಿ ಹಚ್ಚಿದರು. ಒಟ್ಟು ನಲವತ್ತು ಡಿಸ್ಕು, ಎಲ್ಲವೂ ಫ್ರೆಂಚ್. ಬೆಂಗಳೂರಿಗೆ ಫೋನ್ ಮಾಡಿದರೆ, ಕಳಿಸಿದ ಮಾಲು ವಾಪಸ್ ತಗೊಳ್ಳುವುದಿಲ್ಲ ಅಂದರು.

ಅದೇ ಸಮಯಕ್ಕೆ ಮಾಲೀಕರು ಶ್ರೀರಾಂಪುರದಲ್ಲಿ ಇನ್ನೊಂದು ಅಂಗಡಿ ತೆರೆಯುವವರಿದ್ದರು. ಅದರ ಮೇಲೆ ಇಬ್ಬರಿಗೆ ಕಣ್ಣು: ಒಬ್ಬ ನಾನು, ಇನ್ನೊಬ್ಬ ಮಾಲೀಕರ ಭಾವಮೈದ. ಅವನು ಗುಡ್ಡದ ಮೇಲೆ ಗಾಳಿಯಂತ್ರ ಹಾಕುವ ಕಂಪನಿಗೆ ಜೀಪು ಓಡಿಸುತ್ತಿದ್ದ. ಬಿಡುವಾದಾಗಲೆಲ್ಲ ಅಂಗಡಿಗೆ ಬಂದು ನನ್ನನ್ನು ಆಡಿಕೊಳ್ಳುವುದು ಅವನ ಇನ್ನೊಂದು ಕೆಲಸ.

"ಲೇ ಬಾಗೂರು," ಅಂದರು ಮಾಲೀಕರು. ಅವರು ನನ್ನನ್ನು ಕರೆಯುವುದೇ ಊರ ಹೆಸರಲ್ಲಿ. "ಒಂದೇ ಒಂದು ದಿನ ಈ ನಲವತ್ತೂ ಬಾಡಿಗೆಗೆ ಹೋಗಿ ಡಬ್ಬ ಖಾಲಿ ಆಗ್ಲಿ. ಶ್ರೀರಾಂಪುರದ ಅಂಗಡಿ ನಿಂದು."

"ಒಂದು ತಿಂಗಳು ಕೊಡ್ರಿ," ಅಂದೆ.

"ಹತ್ತು ವರ್ಷ ತಗಳಪ್ಪ," ಅಂದ ಭಾವಮೈದ. "ಯಾರೂ ಈಗ್ಲೇ ಸಾಯಲ್ಲ."

ಮಾಲೀಕರು ಡಬ್ಬದ ಕಡೆ ನೋಡಿ, "ಆ ಕವರ್ ನೋಡಿದ ಮ್ಯಾಲೆ ನಂಗೆ ಆ ಧೈರ್ಯ ಇಲ್ಲ," ಅಂದರು.

೨. ಧೈರ್ಯಕ್ಕೆ ನಾನಿದ್ದೆ

ಮಾರುವ ಮಾಲು ಮೊದಲು ನಮಗೆ ಗೊತ್ತಿರಬೇಕಲ್ಲ. ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ಶಟರ್ ಅರ್ಧ ಇಳಿಸಿ ನಾನು, ಮಾಲೀಕರು ಕುಂತೆವು. ಹೊಲದ ನಡುವೆ ಒಂದು ಒಂಟಿ ಮನೆ. ಒಳಗೆ ಆರು ಜನ ಉಣ್ಣುತ್ತಿದ್ದಾರೆ. ತಲೆಗೆ ಚೀಲ ಹಾಕಿಕೊಂಡವನೊಬ್ಬ ಕೊಡಲಿ ಹಿಡಿದು ಬರುತ್ತಾನೆ. ಸಾರು ಆರುವುದರೊಳಗೆ ನಾಲ್ಕೇ ಜನ.

ಮಾಲೀಕರು ಎದ್ದರು. "ನಂಗೆ ಬ್ಯಾಂಕಲ್ಲಿ ಕೆಲ್ಸ ಐತೆ."

"ಅಣ್ಣ, ಇವತ್ತು ಭಾನುವಾರ."

"ಇರ್ಲಿ, ಸೋಮವಾರದ ತನಕ ಬ್ಯಾಂಕಿನ ಬಾಗ್ಲಲ್ಲೇ ಕುಂತ್ಕಂತೀನಿ," ಅಂತ ಹೊರಟೇ ಹೋದರು.

ನಾನು ಅಲುಗಾಡಲಿಲ್ಲ. ಬಾಗೂರಲ್ಲಿ ಹುಟ್ಟಿ ಬೆಳೆದವನು ನಾನು, ಹಾವು ಬಂದರೆ ಮನೆಯವರೆಲ್ಲ ನನ್ನನ್ನೇ ಕರೆಯುತ್ತಾರೆ. ಸಿನಿಮಾ ಪೂರ್ತಿ ನೋಡಿದೆ. ನಡುನಡುವೆ ಒಂದು ನಾಲ್ಕು ಸಲ ಹೊರಗೆ ಹೋಗಿದ್ದು ನಿಜ. ಅದು ಮೊಪೆಡ್ಡಿಗೆ ಬೀಗ ಹಾಕಿದೆನೋ ಇಲ್ಲವೋ ನೋಡುವುದಕ್ಕೆ. ಐದನೇ ಸಲ ಹೋದಾಗ ಎದುರಿನ ಪಂಕ್ಚರ್ ಅಂಗಡಿಯವನು ಕೇಳಿದ:

"ಏನಪ್ಪ, ಬೆಳಿಗ್ಗೆ ಬಸ್ಸಲ್ಲಿ ಬಂದೆ. ಆವಾಗ್ಲಿಂದ ಅಲ್ಲಿ ಏನು ನೋಡ್ತಿದೀಯ?"

೩. ಗುಡ್ಡೆ ಹಾಕುವ ಮಾವ

ಮೂರು ವಾರ ಒಂದು ಡಿಸ್ಕೂ ಹೋಗಲಿಲ್ಲ. ಭಾವಮೈದ ದಿನಾ ಬಂದು ಡಬ್ಬ ಅಲ್ಲಾಡಿಸಿ ನೋಡಿ ಹೋಗುತ್ತಿದ್ದ. ಕೊನೆಗೆ ನಾನೇ ಟಿವಿ ಕಟ್ಟಿಕೊಂಡು ನಮ್ಮೂರಿಗೆ ಹೋದೆ.

ಊರಲ್ಲಿ ನನಗೆ ವರಸೆಯಲ್ಲಿ ಮಾವ ಆಗಬೇಕಾದವರೊಬ್ಬರಿದ್ದಾರೆ. ಯುಗಾದಿಯ ಮಾರನೇ ದಿನ, ಹೊಸತೊಡಕಿಗೆ, ನಮ್ಮಲ್ಲಿ ಹತ್ತು ಮನೆಯವರು ಸೇರಿ ಒಂದು ಟಗರು ತಂದು ಕೊಯ್ದು ಸಮಸಮ ಗುಡ್ಡೆ ಹಾಕಿ ಹಂಚಿಕೊಳ್ಳುತ್ತಾರೆ. ಕೊಯ್ಯುವುದೂ, ಗುಡ್ಡೆ ಹಾಕುವುದೂ ಮಾವನೇ. ತಕ್ಕಡಿ ಬೇಡ. ಅವರ ಗುಡ್ಡೆಯನ್ನು ಇವತ್ತಿನವರೆಗೂ ಯಾರೂ ಹೆಚ್ಚು ಕಮ್ಮಿ ಅಂದಿಲ್ಲ.

ಮಾವನನ್ನು ಟಿವಿ ಮುಂದೆ ಕೂರಿಸಿ ಅದೇ ಕೊಡಲಿ ಸಿನಿಮಾ ಹಾಕಿದೆ. ಮೊದಲನೇ ಏಟು ಬಿತ್ತು. ಹೆದರುತ್ತಾರೆ ಅಂತ ನಾನು ಕೈ ಹಿಡಿದುಕೊಳ್ಳಲು ಹೋದೆ. ಮಾವ ಕೈ ಕೊಡವಿದರು.

"ಕೀಲು ಬಿಟ್ಟು ಮೂಳೆ ಮ್ಯಾಲೆ ಹಾಕ್ತಾನಲ್ಲಲೇ. ಯಾರು ಕಲಿಸಿದ್ದು ಇವ್ನಿಗೆ?"

ಎರಡನೇ ಏಟಿಗೆ, "ಕೊಡ್ಲಿ ಮೊಂಡಾಗೈತೆ. ಸಾಣೆ ಕಂಡು ಎಷ್ಟು ದಿನ ಆಯ್ತೋ."

ಮೂರನೆಯದಕ್ಕೆ ಹಣೆ ಚಚ್ಚಿಕೊಂಡರು. "ಹೋಯ್ತು. ಪಿತ್ತ ಒಡ್ದ. ಇನ್ನು ಎಲ್ಲಾ ಕಹಿ."

"ಮಾವ, ಅವನು ಮನುಷ್ಯರನ್ನ ಕೊಲ್ತಿರೋದು."

"ಯಾರನ್ನಾದ್ರೂ ಕೊಲ್ಲಲಿ. ಮಾಡೋ ಕೆಲ್ಸ ನೀಟಾಗಿ ಮಾಡಕೇನು?" ಆಮೇಲೆ ನನ್ನ ಕಡೆ ತಿರುಗಿ, "ನಾಳೆಗೂ ಇದ್ನೇ ಹಾಕು. ನಮ್ಮ ಹುಡುಗ್ರನ್ನ ಕರ್ಕಂಬರ್ತೀನಿ. ಹೆಂಗೆ ಕೊಯ್ಬಾರ್ದು ಅಂತ ಕಲೀಲಿ."

೪. ನನಗೆ ಫ್ರೆಂಚ್ ಬಂದದ್ದು

ಮಾರನೇ ದಿನ ಮಧ್ಯಾಹ್ನ ಮೂವತ್ತು ಜನ. ಕತ್ತರಿಸುವುದರ ಬಗ್ಗೆ ಮಾವನ ಪಾಠ ಮುಗಿದ ಮೇಲೆ ಎಲ್ಲರಿಗೂ ಒಂದೇ ಪ್ರಶ್ನೆ: ಅವರು ಮಾತಾಡುತ್ತಿರುವುದು ಏನು?

"ಕೇಳ್ರಿ, ಹೇಳ್ತೀನಿ. ನಂಗೆ ಫ್ರೆಂಚ್ ಬರ್ತದೆ," ಅಂದುಬಿಟ್ಟೆ.

"ಎಲ್ಲಿ ಕಲ್ತೆ?"

"ಹಿರಿಯೂರಲ್ಲಿ."

ಹಿರಿಯೂರಲ್ಲಿ ಏನು ಬೇಕಾದರೂ ಇರಬಹುದು ಅಂತ ನಮ್ಮೂರವರಿಗೆ ಮೊದಲಿಂದ ನಂಬಿಕೆ. ಒಪ್ಪಿದರು. ನಾನು ಶುರು ಹಚ್ಚಿದೆ. ಮನೆಯೊಳಗೆ ಉಣ್ಣುತ್ತಿರುವವರಲ್ಲಿ ದೊಡ್ಡವನು ಅಣ್ಣ, ಉಳಿದವರು ಅವನ ಮನೆಯವರು. ಕೊಡಲಿ ಹಿಡಿದವನು ತಮ್ಮ. ಇಬ್ಬರೂ ದುಡ್ಡು ಹಾಕಿ ಬೋರ್‌ವೆಲ್ ಕೊರೆಸಿದರು, ನೀರು ಅಣ್ಣನ ಭಾಗದಲ್ಲಿ ಬಂತು. ಈಗ ಅಣ್ಣ ತಮ್ಮನಿಗೆ ನೀರು ಬಿಡುತ್ತಿಲ್ಲ.

ಅಷ್ಟು ಹೇಳಿದ್ದೇ ತಡ, ಜನ ಮುಂದಕ್ಕೆ ಸರಿದು ಕುಂತರು.

"ಪಹಣಿ ಯಾರ ಹೆಸ್ರಲ್ಲೈತೆ?"

"ಜಂಟಿ."

"ಹಂಗಾದ್ರೆ ತಪ್ಪು ಅಣ್ಣಂದೇ."

ಅಲ್ಲಿಂದ ಮುಂದೆ ಕೊಡಲಿ ಎತ್ತಿದಾಗಲೆಲ್ಲ ಹಿಂದಿನವರು, "ಪಾಪ, ಅವನಾದ್ರೂ ಎಷ್ಟು ದಿನ ತಡ್ಕಂತಾನೆ," ಅನ್ನತೊಡಗಿದರು. ಅರ್ಧಕ್ಕೆ ಸಿನಿಮಾ ನಿಲ್ಲಿಸು ಅಂದರು. ನಿಲ್ಲಿಸಿದೆ. ಟಿವಿಯಲ್ಲಿ ಎತ್ತಿದ ಕೊಡಲಿ ಎತ್ತಿದಂತೆಯೇ ಇತ್ತು, ಇಲ್ಲಿ ಪಂಚಾಯ್ತಿ ನಡೆಯಿತು. ಅರ್ಧ ಗಂಟೆ ವಾದವಾಗಿ ಹಿರಿಯರೊಬ್ಬರು ತೀರ್ಪು ಕೊಟ್ಟರು: ದಿನ ಬಿಟ್ಟು ದಿನ ಇಬ್ಬರೂ ನೀರು ಹಾಯಿಸಿಕೊಳ್ಳಬೇಕು.

ಮೂಲೆಯಿಂದ ಮಾವ ಹೇಳಿದರು, "ಅಣ್ಣನ ತಲೆ ಆಗ್ಲೇ ಹೋಗೈತೆ. ದಿನ ಬಿಟ್ಟು ದಿನ ಯಾಕೆ, ಪೂರ್ತಿ ತಮ್ಮಂಗೇ ಬಿಡ್ರಿ."

೫. ತಾಳ್ಯದ ಅಜ್ಜಿ

ಅಂದಿನಿಂದ ಒಂದೊಂದು ಕವರಿಗೂ ಕಥೆ ಬರೆದು ಚೀಟಿ ಅಂಟಿಸಿದೆ. ಗರಗಸದ್ದು ಬದುವಿನ ತಕರಾರು. ಕಣ್ಣಿಲ್ಲದ ಹೆಂಗಸಿನದು ವರೋಪಚಾರದಲ್ಲಿ ಕೊರತೆ. ಜನ ಅಂಗಡಿಗೆ ಬಂದು, "ಬಂಡಿ ದಾರಿ ಜಗಳದ್ದು ಐತಾ?" ಅಂತ ಕೇಳತೊಡಗಿದರು.

ಹೊಳಲ್ಕೆರೆ ಕಡೆಯ ತಾಳ್ಯದಲ್ಲಿ ಒಂದು ಮದುವೆ ಮನೆಯವರು ಕರೆಸಿದರು. ಮದುವೆ ಮುಗಿದಿತ್ತು, ನೆಂಟರು ಮುಗಿದಿರಲಿಲ್ಲ. ಮುಂದಿನ ಸಾಲಲ್ಲೇ ಒಬ್ಬ ಅಜ್ಜಿ, ಎಲೆ ಅಡಿಕೆ ಚೀಲ ತೊಡೆ ಮೇಲೆ.

"ಅಜ್ಜಿ, ಹಿಂದೆ ಕುಂತ್ಕಳ್ರಿ. ರಕ್ತ ಬಾಳ ಬರ್ತದೆ."

"ಹನ್ನೊಂದು ಹೆತ್ತೀನಿ. ನಂಗೆ ರಕ್ತ ತೋರಿಸ್ತೀಯೇನಪ್ಪ ನೀನು?"

ಅಜ್ಜಿ ಕಣ್ಣು ಮುಚ್ಚದೆ ಪೂರ್ತಿ ನೋಡಿತು. ಅದಕ್ಕೆ ಬೇಜಾರಾಗಿದ್ದು ಒಂದೇ: ಕೊಡಲಿಯವನು ಬಾಗಿಲಿಗೆ ಬಂದಾಗ ಮನೆಯವರು ಒಂದು ಲೋಟ ನೀರು ಬೇಕಾ ಅಂತ ಕೇಳಲಿಲ್ಲ. ಮುಗಿದ ಮೇಲೆ, ಇದರಲ್ಲಿ ನಿಮಗೆ ಏನು ಚಂದ ಕಂಡಿತು ಅಂತ ಕೇಳಿದೆ.

"ನಮ್ಮ ಟಿವಿ ಧಾರಾವಾಹೀಲಿ ಆ ಸೊಸೆ ಮೂರು ವರ್ಷದಿಂದ ಅಳ್ತಾವ್ಳೆ. ಸಾಯಲ್ಲ, ಸುಮ್ನಾಗಲ್ಲ. ಇವ್ರು ನೋಡು, ಊಟದ ಹೊತ್ತಿಗೆ ಎಲ್ಲಾರ್ನೂ ಮುಗಿಸಿ ಕಳಿಸಿದ್ರು." ಎಲೆಗೆ ಸುಣ್ಣ ಹಚ್ಚುತ್ತಾ ಹೇಳಿತು: "ಅಷ್ಟು ಕೆಟ್ಟದ್ದು ನೋಡಿ ಹೊರಗೆ ಬಂದ್ರೆ ಬಿಸ್ಲೂ ತಂಪು ಕಣಪ್ಪ. ನಮ್ಮ ಸೊಸೇನೂ ಒಳ್ಳೇಳು ಅನ್ನಿಸ್ತಾಳೆ."

ನಾನು ಟಿವಿ ಕಟ್ಟುತ್ತಿದ್ದಾಗ ಅಜ್ಜಿಯ ಸೊಸೆ ಮೊಪೆಡ್ ಹತ್ತಿರ ಬಂದು ಮೆಲ್ಲಗೆ ಕೇಳಿದಳು, "ಅಣ್ಣ, ಇಂಥವು ಇನ್ನೆಷ್ಟವೆ? ವಾರಕ್ಕೊಂದು ತಪ್ಪದಂಗೆ ತಗಂಬರ್ರಿ."

೬. ಅಸಲಿ ಫ್ರೆಂಚ್

ಹೀಗೆ ಡಿಸ್ಕುಗಳು ಓಡಾಡತೊಡಗಿದವು. ಆದರೆ ಹತ್ತು ಹೋದರೆ ಎಂಟು ವಾಪಸ್ ಬರುತ್ತಿದ್ದವು. ಒಂದೇ ದಿನ ನಲವತ್ತೂ ಹೊರಗಿರುವುದು ಆಗಲಿಲ್ಲ. ಕೊನೆಗೆ ಮಾಲೀಕರು, "ಶ್ರೀರಾಂಪುರದ ಸಂತೆ ದಿನ ಹೊಸ ಅಂಗಡಿ ಮುಂದೆ ಟಿವಿ ಇಟ್ಟು ನೋಡಾಣ. ಅವತ್ತು ಖಾಲಿ ಆದ್ರೆ ಆಯ್ತು, ಇಲ್ದಿದ್ರೆ ಅಂಗಡಿ ಭಾವಮೈದಂಗೆ," ಅಂದರು.

ಸಂತೆ ದಿನ ನೂರು ಜನ ಸೇರಿದರು. ಬಾಗೂರಿಂದ ಮಾವನೂ ಬಂದಿದ್ದರು. ಇನ್ನೇನು ಹಾಕಬೇಕು, ಭಾವಮೈದನ ಜೀಪು ಬಂದು ನಿಂತಿತು. ಒಳಗಿಂದ ಆರಡಿ ಉದ್ದದ ಕೆಂಪು ಮನುಷ್ಯನೊಬ್ಬ ಇಳಿದ.

"ಗಾಳಿಯಂತ್ರ ನೋಡಕೆ ಬಂದಿರೋ ಇಂಜಿನಿಯರ್ರು. ಅಸಲಿ ಫ್ರೆಂಚಿನೋರು," ಅಂತ ಭಾವಮೈದ ಎಲ್ಲರಿಗೂ ಕೇಳುವಂತೆ ಕೂಗಿದ. "ನಮ್ಮ ಬಾಗೂರಿನ ಪಂಡಿತರು ಇವ್ರ ಜೊತೆ ನಾಕು ಮಾತಾಡ್ಲಿ, ಕೇಳಾಣ."

ನೂರು ಜನ ನನ್ನ ಮುಖವನ್ನೇ ನೋಡುತ್ತಿದ್ದರು. ಅಂಗಡಿ ಕೈ ತಪ್ಪಿತು ಅಂತಲೇ ಲೆಕ್ಕ.

"ಮೊದ್ಲು ಸಿನಿಮಾ, ಆಮ್ಯಾಲೆ ಮಾತು," ಅಂದೆ. "ದೂರದಿಂದ ಬಂದೋರ್ನ ಕಾಯಿಸ್ಬಾರ್ದು. ಕುರ್ಚಿ ಹಾಕ್ರಿ."

ಕುರ್ಚಿ ಹಾಕಿದರು. ಸಿನಿಮಾ ಶುರುವಾಯಿತು. ನಾನು ಎಂದಿನಂತೆ ಬೋರ್‌ವೆಲ್ ಕಥೆ ಹೇಳುತ್ತಾ ಹೋದೆ. ಇಂಜಿನಿಯರು ಮೊದಲು ತಮ್ಮ ಭಾಷೆ ಕೇಳಿ ನಕ್ಕರು. ಐದು ನಿಮಿಷಕ್ಕೆ ನಗು ನಿಂತಿತು. ಹತ್ತು ನಿಮಿಷಕ್ಕೆ ಕೆಂಪು ಮುಖ ಸುಣ್ಣದಂತಾಯಿತು. ಮಕ್ಕಳು ಮರಿ ಸಮೇತ ನೂರು ಜನ, "ನೀರು ಬಿಟ್ಟಿದ್ರೆ ಇದೆಲ್ಲಾ ಬೇಕಿತ್ತಾ," ಅಂತ ಮಾತಾಡಿಕೊಳ್ಳುತ್ತಾ ಕಡ್ಲೆಕಾಯಿ ಸುಲಿಯುತ್ತಿರುವುದನ್ನು ಒಂದು ಸಲ ತಿರುಗಿ ನೋಡಿದರು. ಅಷ್ಟೇ. ಬಾಯಿಗೆ ಕೈ ಅಡ್ಡ ಹಿಡಿದು ಎದ್ದು, ಏನೋ ಗಡಗಡ ಹೇಳಿ, ಓಡಿ ಜೀಪು ಹತ್ತಿ ಗಾಜು ಏರಿಸಿಕೊಂಡರು.

"ಏನಂದ್ರು?" ಅಂತ ಜನ ನನ್ನನ್ನು ಕೇಳಿದರು.

"ಅವ್ರ ಮನೇಲೂ ಇಂಥದ್ದೇ ತಕರಾರು ಐತಂತೆ," ಅಂದೆ.

ಅಯ್ಯೋ ಪಾಪ ಅಂತ ಎಲ್ಲ ಜೀಪಿನ ಸುತ್ತ ನಿಂತರು. ಯಾರೋ ಎಳನೀರು ಕೆತ್ತಿ ಹಿಡಿದರು. ಕೆತ್ತಿದ ಮಚ್ಚು ಇನ್ನೂ ಅವನ ಕೈಯಲ್ಲೇ ಇತ್ತು; ಇಂಜಿನಿಯರು ಸೀಟಿನ ಕೆಳಗೆ ಇಳಿದರು. ಮಾವ ಗಾಜು ತಟ್ಟಿ, "ಕೋರ್ಟಿಗೆ ಹೋಗ್ಬ್ಯಾಡ್ರಿ ಸ್ವಾಮಿ, ಊರಲ್ಲೇ ಕುಂತು ಬಗೆಹರಿಸ್ಕಳ್ರಿ," ಅಂತ ಸಮಾಧಾನ ಹೇಳಿದರು.

ಭಾವಮೈದ ತನಗೆ ಬರುವ ಇಂಗ್ಲಿಷಿನಲ್ಲಿ ಅವರನ್ನು ವಿಚಾರಿಸಿಕೊಂಡು ಬಂದು ಕೂಗಾಡಿದ. "ಆ ಸಿನಿಮಾದಲ್ಲಿ ಬೋರ್‌ವೆಲ್ಲೂ ಇಲ್ಲ, ಅಣ್ಣ ತಮ್ಮರೂ ಇಲ್ವಂತೆ. ಅವನು ತಲೆ ಕೆಟ್ಟ ಕೊಲೆಗಾರನಂತೆ. ಅವ್ರೇ ಹೇಳಿದ್ರು."

ಜನ ನನ್ನ ಕಡೆ ತಿರುಗಿದರು. ನಾನು ಮಾವನ ಕಡೆ ತಿರುಗಿದೆ. ಮಾವ ಒಂದು ಸಲ ಜೀಪನ್ನು, ಒಂದು ಸಲ ನನ್ನನ್ನು ನೋಡಿದರು. ಅವರು ಗುಡ್ಡೆ ಹಾಕುವಾಗ ಮಾಂಸ ನೋಡುವುದೂ ಹಾಗೆಯೇ.

"ಅವ್ರಿಗೆ ಫ್ರೆಂಚ್ ಪೂರ್ತಿ ಬರಲ್ಲ ಅನ್ಸುತ್ತೆ ಕಣಪ್ಪ," ಅಂದರು. "ಬಂದಿದ್ರೆ ಯಾಕೆ ಹೆದರ್ತಿದ್ರು? ನಾವ್ಯಾರಾದ್ರೂ ಹೆದರಿದ್ವಾ?"

ಅದೂ ನಿಜ ಅಂದರು ಜನ. ಫ್ರೆಂಚಿನವರನ್ನೇ ಓಡಿಸಿದ ಸಿನಿಮಾ ಅಂತ ಸಂತೆಯೆಲ್ಲ ಸುದ್ದಿಯಾಗಿ, ಸೂರ್ಯ ಮುಳುಗುವ ಮುಂಚೆ ಡಬ್ಬದಲ್ಲಿ ಉಳಿದದ್ದು ಪ್ಯಾಕಿಂಗಿನ ಹುಲ್ಲು.

ಮಾಲೀಕರು ನನ್ನನ್ನು ಪಕ್ಕಕ್ಕೆ ಕರೆದರು. "ನಿಜ ಹೇಳಲೇ. ನಿಂಗೆ ಫ್ರೆಂಚ್ ಬರ್ತದಾ?"

"ಇಲ್ಲಣ್ಣ."

"ಒಳ್ಳೇದಾಯ್ತು ಬಿಡು. ಬರೋನು ಜೀಪೊಳಗೆ ಅವಿತ್ಕಂಡವ್ನೆ."

ಅವತ್ತೇ ಶಟರಿನ ಬೀಗದ ಕೈ ನನ್ನ ಕೈಗೆ ಕೊಟ್ಟರು. ಶ್ರೀರಾಂಪುರದ ಅಂಗಡಿ ನನಗೆ ಸಿಕ್ಕಿತು.